ಶಿವರಾತ್ರಿ ಜಾಗರಣೆಯಲ್ಲಿ ಒಡೆದ ಬಾಟಲಿಗಳು: ಶುಂಠಿ ಬಿಯರ್‌ನ ಒಂದು ಪ್ರಕರಣ

ಮದ್ದೂರು ಕಡೆಯ ಒಂದು ಹಳ್ಳಿ ಮನೆಯಲ್ಲಿ ನಡೆದದ್ದು ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು. ಹಾಗಾಗಿ ಮನೆಯ ಯಜಮಾನಿಯನ್ನು ಅಕ್ಕ ಅಂತಲೂ, ಡಿಪ್ಲೊಮಾ ಓದುತ್ತಿದ್ದ ಅವರ ಮಗನನ್ನು ಹುಡುಗ ಅಂತಲೂ ಕರೆಯುತ್ತೇನೆ. ಮೂರನೆಯವನು ನಾನು. ಈ ಕಥೆಯಲ್ಲಿ ದೊಡ್ಡ ತಪ್ಪೊಂದು ನನ್ನದೇ.

ನಾನು ಮೈಸೂರಿನವನು. ಕೆಲಸದ ಮೇಲೆ ಆರು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಪಕ್ಕದ ಮನೆಯವರನ್ನು ನೋಡಿ ನಾನೂ ಕಲಿತೆ. ವಾಪಸ್ ಬಂದ ಮೇಲೆ ಬಿಟ್ಟೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಆ ದಿನಗಳ ಗುರುತಿಗೆ ಉಳಿದದ್ದು ಒಂದು ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಮೀಟರ್), ಒಂದು ಹಳೇ ನೋಟ್‌ಬುಕ್, ಮತ್ತೆ ಎಲ್ಲರಿಗೂ ಸಲಹೆ ಕೊಡುವ ಚಟ.

ಅಕ್ಕನ ಮನೆಯವರದು ಕಬ್ಬು. ಹತ್ತಿರದಲ್ಲೇ ಆಲೆಮನೆ. ಮಂಡ್ಯ ಜಿಲ್ಲೆಗೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಸಿಕ್ಕಿರುವುದೂ ಬೆಲ್ಲವೇ. ಬೆಲ್ಲದಿಂದ ಏನಾದರೂ ಹೊಸದು ಮಾಡಿ ಮೇಳಗಳಲ್ಲಿ ಮಾರಬೇಕು ಅನ್ನುವುದು ಅಕ್ಕನ ಆಸೆ. ಹುಡುಗ ವಿಡಿಯೊ ನೋಡಿ ಶುಂಠಿ ಬಿಯರ್ ಅಂತ ಹುಡುಕಿದ್ದ. ಹೆಸರಲ್ಲಿ ಮಾತ್ರ ಬಿಯರ್. ಶುಂಠಿ, ಬೆಲ್ಲ, ನಿಂಬೆಹಣ್ಣು, ನೀರು, ಅಷ್ಟೆ. ಸಿಪ್ಪೆ ಸಮೇತ ತುರಿದ ಶುಂಠಿಗೆ ದಿನಾ ಒಂದು ಚಮಚ ಬೆಲ್ಲ ಹಾಕುತ್ತಾ ಐದಾರು ದಿನ ಇಟ್ಟರೆ ನೊರೆ ಏಳುತ್ತೆ. ಸಿಪ್ಪೆಯ ಮೇಲಿರುವ ಯೀಸ್ಟ್‌ನ ಕೆಲಸ ಅದು. ಆ ಹುದುಗನ್ನು ಬೆಲ್ಲದ ನೀರಿಗೆ ಸೋಸಿ ಹಾಕಿದರೆ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ. ಜೊತೆಗೆ ಒಂದಿಷ್ಟು ಆಲ್ಕೋಹಾಲನ್ನೂ ಬಿಡುತ್ತೆ. ವಿಡಿಯೊದವರು ಎರಡನೆಯದನ್ನು ಜಾಸ್ತಿ ಹೇಳುವುದಿಲ್ಲ.

ಬುಳುಬುಳು ನಿಂತಿದ್ದು

ಮೊದಲ ಸಲ ಮಾಡಿದ್ದು ಜನವರಿ ಮೊದಲ ವಾರ. ಹತ್ತು ಲೀಟರ್ ನೀರಿಗೆ ಒಂದು ಕೆಜಿ ಬೆಲ್ಲ. ಕುಡಿಯುವ ನೀರಿನ ಕ್ಯಾನಿಗೆ ಸುರಿದು, ಮುಚ್ಚಳಕ್ಕೆ ಡ್ರಿಪ್ ಪೈಪಿನ ತುಂಡು ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದ್ದರು. ಹುಡುಗನ ಜಾಣತನ ಅದು, ಚೆನ್ನಾಗೇ ಮಾಡಿದ್ದ. ಎರಡು ದಿನ ಲೋಟದಲ್ಲಿ ಬುಳುಬುಳು ಅಂತು. ಮೂರನೇ ದಿನ ಕಮ್ಮಿಯಾಯಿತು. ಐದನೇ ದಿನ ನಿಂತೇ ಹೋಯಿತು. ಮೇಲಿನ ನೀರು ತಿಳಿಯಾಯಿತು, ಮಡ್ಡಿ ತಳಕ್ಕೆ ಕೂತಿತು.

“ಬುಳುಬುಳು ಅನ್ನದು ನಿಂತೋಗಿತ್ತು ಕಣಣ್ಣ, ಆಯ್ತು ಅಂದ್ಕಂಡು ತುಂಬ್ಬುಟ್ಟೊ” ಅಂತ ಅಕ್ಕ ಆಮೇಲೆ ಹೇಳಿದರು.

ಗುಜರಿಯಿಂದ ತಂದು ತೊಳೆದ ಹದಿನೈದು ಗಾಜಿನ ಬಾಟಲಿ. ಒಂಬತ್ತು ಬಿಯರ್ ಬಾಟಲಿ, ಆರು ಜ್ಯೂಸ್ ಬಾಟಲಿ. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಐದು ಬಾಟಲಿ ನೆಂಟರಿಷ್ಟರಿಗೆ ಹೋಯಿತು. ಕುಡಿದವರೆಲ್ಲ ಒಂದೇ ಮಾತು ಹೇಳಿದರಂತೆ: ರುಚಿ ಇದೆ, ಆದರೆ ಸಿಹಿ ಜಾಸ್ತಿ, ಗ್ಯಾಸ್ ಕಮ್ಮಿ. ಸುಳಿವು ಆ ಮಾತಿನಲ್ಲೇ ಇತ್ತು. ಸಿಹಿ ಜಾಸ್ತಿ ಅಂದರೆ ಯೀಸ್ಟ್ ತನ್ನ ಊಟ ಮುಗಿಸಿಲ್ಲ ಅಂತ. ಯಾರಿಗೂ ಹೊಳೆಯಲಿಲ್ಲ. ಉಳಿದ ಹತ್ತನ್ನು ಇನ್ನೂ ಹದ ಬರಲಿ ಅಂತ ಅಟ್ಟದ ಮೇಲೆ ಇಟ್ಟರು. ಮೇಲೆ ಶೀಟಿನ ಮಾಡು.

ಜನವರಿಯಲ್ಲಿ ನಮ್ಮ ಕಡೆ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ. ದೋಸೆ ಹಿಟ್ಟು ಕೂಡ ಬೆಳಗಾದರೂ ಉಬ್ಬಿರುವುದಿಲ್ಲ, ಅಲ್ವಾ? ಚಳಿಗೆ ಹಿಟ್ಟು ಮುದುಡಿದ ಹಾಗೇ ಕ್ಯಾನಿನೊಳಗಿನ ಯೀಸ್ಟೂ ಮುದುಡಿ ಮಲಗಿತ್ತು. ಮುಗಿದಿರಲಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ ಅಂತಾರಲ್ಲ, ಆ ವರ್ಷ ಚಳಿ ಓಡಿತು, ಯೀಸ್ಟ್ ಎದ್ದಿತು.

ಶಿವರಾತ್ರಿ ರಾತ್ರಿ ಮನೆಯವರೆಲ್ಲ ಜಾಗರಣೆ ಅಂತ ನಡುಮನೆಯಲ್ಲಿ ಕೂತಿದ್ದರು. ಎರಡು ಗಂಟೆಯ ಹೊತ್ತಿಗೆ ಅಟ್ಟದಲ್ಲಿ ಢಂ ಅಂತು. ಬೆಕ್ಕು ಏನೋ ಬೀಳಿಸಿತು ಅಂದುಕೊಂಡರು. ಹತ್ತು ನಿಮಿಷಕ್ಕೆ ಇನ್ನೆರಡು. ಹುಡುಗ ಏಣಿ ಹತ್ತಲು ಹೋದ, ಅಜ್ಜಿ ಬಿಡಲಿಲ್ಲ. ಆ ಮನೆಯಲ್ಲಿ ಅವತ್ತು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರ ಅಜ್ಜಿಯದು. ಬೆಳಗ್ಗೆ ನಾಲ್ಕನೆಯದು ಒಡೆಯಿತು. ನನಗೆ ಫೋನ್ ಬಂದದ್ದು ಆಗ.

ನಾನು ಹೋಗಿ ನೋಡಿದಾಗ ಗಾಜಿನ ಚೂರು ಶೀಟಿನ ಕೆಳಗಿನ ತೊಲೆಗೆ ನೆಟ್ಟಿಕೊಂಡಿತ್ತು. ಒಡೆದ ನಾಲ್ಕೂ ಜ್ಯೂಸ್ ಬಾಟಲಿಗಳು. ಅವು ಒತ್ತಡಕ್ಕೆ ಅಂತ ಮಾಡಿದ ಬಾಟಲಿಗಳೇ ಅಲ್ಲ. ಆರು ಬಿಯರ್ ಬಾಟಲಿ ಇನ್ನೂ ನಿಂತಿದ್ದವು. ಅವನ್ನು ಮುಟ್ಟಲು ಮಾರನೇ ದಿನ ನಸುಕಿನ ತಂಪಿನ ತನಕ ಕಾದೆವು. ಹುಡುಗ ಬೈಕಿನ ಹೆಲ್ಮೆಟ್ ಹಾಕಿ ಗಾಜು ಇಳಿಸಿಕೊಂಡ, ದಪ್ಪ ಜರ್ಕಿನ್ ತೊಟ್ಟ, ಒಂದೊಂದನ್ನೇ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಇಳಿಸಿದ. ಐಸ್ ಹಾಕಿದ ಬಕೆಟ್ಟಿನಲ್ಲಿ ಮೂರು ಗಂಟೆ ಮುಳುಗಿಸಿ, ಗೋಣಿ ಬಿಚ್ಚದೆ ಮುಚ್ಚಳವನ್ನು ಚೂರು ಚೂರೇ ಸಡಿಲಿಸಿದೆವು. ಆದರೂ ಮೊದಲನೆಯದು ಹಿತ್ತಲ ಗೋಡೆಗೆ ಚಿಮ್ಮಿತು.

ಉಳಿದದ್ದನ್ನು ಕಾಫಿ ಆರಿಸುವ ಹಾಗೆ ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ, ಹೈಡ್ರೋಮೀಟರ್ ಬಿಟ್ಟೆ. ಗ್ಯಾಸ್ ಬಿಡಿಸದಿದ್ದರೆ ಗುಳ್ಳೆಗಳು ಮೀಟರಿಗೆ ಅಂಟಿ ಮೇಲಕ್ಕೆತ್ತುತ್ತವೆ, ಅಳತೆ ಸುಳ್ಳಾಗುತ್ತೆ. ಬರೀ ನೀರಿಗೆ ಮೀಟರ್ 1.000 ತೋರಿಸುತ್ತೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಅಂಕ ಏರುತ್ತೆ, ಯೀಸ್ಟ್ ಅದನ್ನು ತಿಂದಷ್ಟೂ ಇಳಿಯುತ್ತೆ. ಒಂದು ಬಾಟಲಿ 1.020, ಇನ್ನೊಂದು 1.022. ಲೀಟರಿಗೆ 100 ಗ್ರಾಂ ಬೆಲ್ಲ ಹಾಕಿದ ನೀರು ಶುರುವಿನಲ್ಲಿ ಸುಮಾರು 1.036 ಇರುತ್ತೆ. ಅಂದರೆ ಇಷ್ಟೆಲ್ಲ ಆದ ಮೇಲೂ ಅರ್ಧಕ್ಕಿಂತ ಹೆಚ್ಚು ದಾರಿ ಬಾಕಿ ಇತ್ತು. ಬಾಟಲಿಗೆ ತುಂಬಿದ ದಿನ ಎಷ್ಟಿತ್ತು ಅನ್ನುವುದನ್ನು ಯಾರೂ ಅಳೆದಿರಲಿಲ್ಲ.

ಒಂದು ಲೆಕ್ಕ ಅವರಿಗೆ ಹೇಳಿದೆ. ಮೀಟರಿನಲ್ಲಿ ಎರಡು ಅಂಕ ಇಳಿದರೆ, ಅಂದರೆ 1.036 ಇದ್ದದ್ದು 1.034 ಆದರೆ, ಲೀಟರ್ ಪಾನೀಯಕ್ಕೆ ಹೆಚ್ಚುಕಮ್ಮಿ ಒಂದು ಲೀಟರ್ ಗ್ಯಾಸ್ ಹುಟ್ಟುತ್ತೆ. ಬಿಯರಿನಲ್ಲಿ ಇರುವುದು ಎರಡೂವರೆ ಲೀಟರಿನಷ್ಟು. ಬೆಲ್ಲದ ಸಕ್ಕರೆ ಪೂರ್ತಿ ಮುಚ್ಚಿದ ಬಾಟಲಿಯೊಳಗೇ ಹುದುಗಿದರೆ ಹದಿನೇಳು ಲೀಟರ್ ಆಗುತ್ತೆ. ನಮ್ಮ ಬಿಸಿಲಿಗೆ ಅದು ಕಾರಿನ ಟೈರಿನ ಒತ್ತಡಕ್ಕಿಂತ ಹತ್ತು ಪಟ್ಟು. ಅದಕ್ಕೆ ತಡೆಯುವ ಗಾಜು ಮನೆಯಲ್ಲಿರುವುದಿಲ್ಲ.

ನಾನು ಕೊಟ್ಟ ಸಲಹೆ

ಇಲ್ಲಿ ನಾನು ಮೇಷ್ಟ್ರಾದೆ. ಬಿಯರ್ ಮಾಡುವವರು ಬಾಟಲಿಗೆ ತುಂಬುವ ಹೊತ್ತನ್ನು ತೀರ್ಮಾನಿಸುವ ರೀತಿ ಹೇಳಿಕೊಟ್ಟೆ. ಗುಳ್ಳೆ ನಂಬಬೇಡಿ. ಮುಚ್ಚಳದ ಸಂದಿಯಲ್ಲಿ ಗ್ಯಾಸ್ ಸೋರಿದರೂ ಗುಳ್ಳೆ ನಿಲ್ಲುತ್ತೆ. ಮುಗಿದ ಬಿಯರನ್ನು ಬಿಸಿಲಿಗೆ ಸರಿಸಿದರೆ ಕರಗಿದ್ದ ಗ್ಯಾಸ್ ಹೊರಬಂದು ಮತ್ತೆ ಬುಳುಬುಳು ಅನ್ನುತ್ತೆ. ತಿಳಿಯಾಯಿತು ಅನ್ನುವುದನ್ನೂ ನಂಬಬೇಡಿ, ಮಡ್ಡಿ ಕೂತ ಮಾತ್ರಕ್ಕೆ ಯೀಸ್ಟ್ ಸತ್ತಿರುವುದಿಲ್ಲ. ಮೀಟರ್ ಇಳಿಬಿಟ್ಟು ನೋಡಿ. ಮೂರು ದಿನ ಒಂದೇ ಅಂಕ ಬಂದರೆ ಮುಗಿಯಿತು. ಆಮೇಲೆ ಲೀಟರಿಗೆ ಆರು ಗ್ರಾಂ ಸಕ್ಕರೆ ಅಳೆದು ಹಾಕಿ, ಬಿಯರ್ ಬಾಟಲಿಗೆ ಮಾತ್ರ ತುಂಬಿ. ಅಷ್ಟು ಸಕ್ಕರೆಗೆ ಬೇಕಾದಷ್ಟೇ ಗ್ಯಾಸ್ ಬರುತ್ತೆ, ಜಾಸ್ತಿ ಬರಲು ಒಳಗೆ ಏನೂ ಉಳಿದಿರುವುದಿಲ್ಲ.

ಇನ್ನೊಂದು ಮಾತೂ ಹೇಳಿದೆ. ನನ್ನ ಹೈಡ್ರೋಮೀಟರ್ 20 ಡಿಗ್ರಿಗೆ ಹೊಂದಿಸಿದ್ದು. ನಮ್ಮಲ್ಲಿ ಪಾನೀಯ 30 ಡಿಗ್ರಿ ಇದ್ದಾಗ ಅದು ಎರಡೂವರೆ ಅಂಕ ಕಮ್ಮಿ ತೋರಿಸುತ್ತೆ. ಥರ್ಮಾಮೀಟರ್ ಇಟ್ಟು ತಿದ್ದಿಕೊಳ್ಳಬೇಕು.

ಹುಡುಗ ಚಾಚೂ ತಪ್ಪದೆ ಮಾಡಿದ. ನೋಟ್‌ಬುಕ್ ತೋರಿಸಿದ: ಮೊದಲ ದಿನ 1.036, ನಾಲ್ಕನೇ ದಿನ 1.018, ಎಂಟನೇ ದಿನ 1.006. ಹನ್ನೊಂದು, ಹನ್ನೆರಡು, ಹದಿಮೂರನೇ ದಿನ 1.002, 1.002, 1.002. ತುಂಬಿದರು. ಒಂದು ಬಾಟಲಿಯೂ ಒಡೆಯಲಿಲ್ಲ. ತೆರೆದರೆ ಹಿತವಾದ ನೊರೆ. ನನಗೆ ಹೆಮ್ಮೆಯೋ ಹೆಮ್ಮೆ.

ಅಜ್ಜಿ ಒಂದು ಲೋಟ ಕುಡಿದರು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಸೊಸೆಯನ್ನು ಕೇಳಿದರು: “ಇದ್ಯಾಕವ್ವ ಹೆಂಡ ಇದ್ದಂಗದೆ?”

ಹೆಂಡ ಇದ್ದ ಹಾಗೆ ಇರಲಿಲ್ಲ, ಹೆಂಡವೇ. 1.036ರಿಂದ 1.002ಕ್ಕೆ ಇಳಿದಿದೆ ಅಂದರೆ ನಾಲ್ಕೂವರೆ ಶೇಕಡಾ ಆಲ್ಕೋಹಾಲ್. ಅಂಗಡಿಯ ಬಿಯರಿನಷ್ಟೇ. ಜೊತೆಗೆ ಬೆಲ್ಲದ ಸಿಹಿ ಹನಿಯಷ್ಟೂ ಇಲ್ಲ, ಬರೀ ಹುಳಿ, ಖಾರ. ಬಾರ್ಲಿಯ ಬಿಯರ್ ಸಾಮಾನ್ಯವಾಗಿ 1.010ರ ಹತ್ತಿರ ನಿಲ್ಲುತ್ತೆ. ಅದರಲ್ಲಿ ಯೀಸ್ಟ್ ತಿನ್ನಲಾಗದ ಅಂಶ ಉಳಿಯುತ್ತೆ, ಅದರಿಂದ ನಾಲಿಗೆಗೆ ಒಂದು ಮೈಕಟ್ಟು ಸಿಗುತ್ತೆ. ಬೆಲ್ಲದಲ್ಲಿ ಹಾಗಲ್ಲ, ಹೆಚ್ಚುಕಮ್ಮಿ ಎಲ್ಲವೂ ಯೀಸ್ಟಿಗೆ ಊಟ. ತಟ್ಟೆ ನೆಕ್ಕಿ ಎದ್ದಿತ್ತು.

ನನ್ನ ತಪ್ಪು ಎಲ್ಲಿ ಅಂದರೆ, ಯಾವಾಗ ತುಂಬಬೇಕು ಅಂತ ಅವರು ಕೇಳಿದರು, ನಾನು ಬಿಯರಿನ ಉತ್ತರ ಕೊಟ್ಟೆ. ಏನನ್ನು ಮಾಡಲು ಹೊರಟಿದ್ದೀರಿ ಅಂತ ಕೇಳಲೇ ಇಲ್ಲ. ಅವರಿಗೆ ಬೇಕಿದ್ದದ್ದು ಮಕ್ಕಳೂ ಕುಡಿಯುವ ಸಿಹಿ ಪಾನೀಯ. ಆಹಾರ ಸುರಕ್ಷತೆಯ ನಿಯಮದಲ್ಲಿ 0.5 ಶೇಕಡಾಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯದ ಲೆಕ್ಕ. ನಾನು ಹೇಳಿಕೊಟ್ಟದ್ದು ಅಬಕಾರಿ ಕಾಯ್ದೆ ಬೇಡ ಅನ್ನುವುದನ್ನೇ. ಅವತ್ತೇ ಎಲ್ಲವನ್ನೂ ಮೋರಿಗೆ ಸುರಿದೆವು. ಅಕ್ಕ ಏನೂ ಅನ್ನಲಿಲ್ಲ. “ಒಂದು ಕೆಜಿ ಬೆಲ್ಲ ತಾನೆ ಬುಡಿ” ಅಂದರು. ಅದೇ ಜಾಸ್ತಿ ಚುಚ್ಚಿತು.

ಡೈರಿಯ ಲ್ಯಾಕ್ಟೋಮೀಟರ್

ಲೆಕ್ಕವನ್ನು ತಿರುಗಿಸಿ ಹಾಕಿದೆವು. 0.5 ಶೇಕಡಾ ಆಲ್ಕೋಹಾಲ್ ಅಂದರೆ ಮೀಟರಿನಲ್ಲಿ ನಾಲ್ಕು ಅಂಕ. ಅಷ್ಟು ಇಳಿಯುವಾಗ ಹುಟ್ಟುವ ಗ್ಯಾಸ್ ಲೀಟರಿಗೆ ಎರಡು ಲೀಟರ್, ಅಂದರೆ ಬಿಯರಿಗಿಂತ ಚೂರು ಕಮ್ಮಿ ನೊರೆ. ಹಾಗಾದರೆ ಕ್ಯಾನಿನಲ್ಲಿ ಹುದುಗಿಸುವುದೇ ಬೇಡ. ಹುದುಗು ಹಾಕಿದ ದಿನವೇ ಬಾಟಲಿಗೆ ತುಂಬಬೇಕು, ನಾಲ್ಕು ಅಂಕ ಇಳಿಯುವ ಮುಂಚೆ ಫ್ರಿಜ್ಜಿಗೆ ಇಡಬೇಕು. ತುಂಬುವ ಹೊತ್ತಿನ ಪ್ರಶ್ನೆ ಹೋಗಿ ನಿಲ್ಲಿಸುವ ಹೊತ್ತಿನ ಪ್ರಶ್ನೆ ಬಂತು.

ತೊಂದರೆ ಏನು ಅಂದರೆ ನನ್ನ ಹೈಡ್ರೋಮೀಟರಿನಲ್ಲಿ ಎರಡೆರಡು ಅಂಕಕ್ಕೆ ಒಂದು ಗೆರೆ. ನಾಲ್ಕು ಅಂಕ ಅಂದರೆ ಎರಡೇ ಗೆರೆ. ಕಣ್ಣು ಚೂರು ಓರೆಯಾದರೆ ಲೆಕ್ಕ ತಪ್ಪುತ್ತೆ. ನಾನು ಮೀಟರನ್ನು ಬೆಳಕಿಗೆ ಹಿಡಿದು ಗೊಣಗುತ್ತಿದ್ದಾಗ ಅಕ್ಕ ಕೇಳಿದರು: “ಡೈರಿಲಿ ಹಾಲಿಗೆ ಬುಡ್ತಾರಲ್ಲ, ಅದೂ ಇದೂ ಒಂದೇಯ ಅಣ್ಣ?”

ಒಂದೇ! ಡೈರಿಯಲ್ಲಿ ಹಾಲು 28 ಬಂತು ಅಂದರೆ 1.028 ಅಂತಲೇ ಅರ್ಥ. ಇಪ್ಪತ್ತು ವರ್ಷದಿಂದ ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವ ಹೆಂಗಸಿಗೆ ನಾನು ಸಾಂದ್ರತೆಯ ಪಾಠ ಮಾಡುತ್ತಿದ್ದೆ. ಹುಡುಗ ಪೇಟೆಯಿಂದ ಒಂದು ಲ್ಯಾಕ್ಟೋಮೀಟರ್ ತಂದ. ಒಂದೊಂದು ಅಂಕಕ್ಕೂ ಗೆರೆ, 40ರ ತನಕ. ಮೇಲೆ 27 ಡಿಗ್ರಿ ಅಂತ ಬರೆದಿತ್ತು. ನಮ್ಮ ಹವಾಮಾನಕ್ಕೆ ತಿದ್ದುವುದೂ ಅಷ್ಟಾಗಿ ಬೇಕಿಲ್ಲ. ಇಂಗ್ಲೆಂಡಿನಿಂದ ಹೊತ್ತು ತಂದ ನನ್ನ ಮೀಟರ್ ಅವತ್ತಿನಿಂದ ಡಬ್ಬಿಯಲ್ಲೇ ಇದೆ.

ಈ ಸಲ ಐದೇ ಲೀಟರ್. ಗಾಜು ಬೇಡ, ಸೋಡಾ ಬರುವ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ. ಅವು ಇದಕ್ಕಿಂತ ಜಾಸ್ತಿ ಗ್ಯಾಸ್ ತಡೆಯಲಿಕ್ಕೇ ಮಾಡಿದ್ದು. ಒಡೆದರೂ ಚೂರು ಹಾರುವುದಿಲ್ಲ. ಹತ್ತು ಬಾಟಲಿ ತುಂಬಿದೆವು, ಅದರಲ್ಲಿ ನಾಲ್ಕು ಪರೀಕ್ಷೆಗೆ ಬಲಿ. ಮುಚ್ಚಿದ ಬಾಟಲಿಯೊಳಗೆ ಮೀಟರ್ ಬಿಡಲಾಗುವುದಿಲ್ಲವಲ್ಲ, ಹಾಗಾಗಿ ಹೊತ್ತು ಹೊತ್ತಿಗೆ ಒಂದನ್ನು ತೆರೆದು, ಗ್ಯಾಸ್ ಬಿಡಿಸಿ ನೋಡುವುದು.

ಶುರುವಿಗೆ 36. ಹನ್ನೆರಡು ಗಂಟೆಗೆ 35, ಬಾಟಲಿ ಒತ್ತಿದರೆ ಇನ್ನೂ ತಗ್ಗುತ್ತಿತ್ತು. ಹದಿನಾರು ಗಂಟೆಗೆ 34, ಬಾಟಲಿ ಬಿಗಿ. ಹತ್ತೊಂಬತ್ತು ಗಂಟೆಗೆ 33, ಕಲ್ಲಿನ ಹಾಗೆ. ಹೆಬ್ಬೆರಳಿನ ಪರೀಕ್ಷೆ ಇಷ್ಟಕ್ಕೇ ಮುಗಿಯಿತು. ಒಮ್ಮೆ ಕಲ್ಲಾದ ಮೇಲೆ ಎರಡು ಪಟ್ಟು ಒತ್ತಡ ಇದ್ದರೂ ಬೆರಳಿಗೆ ಗೊತ್ತಾಗುವುದಿಲ್ಲ. ಬಾಟಲಿ ಗಟ್ಟಿಯಾಯಿತು ಅನ್ನುವುದು ಇಡುವ ಹೊತ್ತು ಬಂತು ಅನ್ನುವ ಕರೆ, ಅಳತೆ ಅಲ್ಲ.

ನಾಲ್ಕರ ತನಕ ಕಾಯದೆ ಮೂರಕ್ಕೇ ನಿಲ್ಲಿಸೋಣ ಅಂತ ತೀರ್ಮಾನಿಸಿದೆವು. ಹುದುಗಿನ ನೀರಿನಲ್ಲೇ ಒಂಚೂರು ಆಲ್ಕೋಹಾಲ್ ಇರುತ್ತೆ. ಫ್ರಿಜ್ಜಿಗೆ ಇಟ್ಟ ತಕ್ಷಣ ಬಾಟಲಿ ತಣ್ಣಗಾಗುವುದೂ ಇಲ್ಲ, ಆ ಕೆಲವು ಗಂಟೆ ಯೀಸ್ಟ್ ತಿನ್ನುತ್ತಲೇ ಇರುತ್ತೆ. ಇನ್ನೊಂದು ಸಂಗತಿ ಎರಡು ಮೂರು ಸಲ ಮಾಡಿದ ಮೇಲೆ ತಿಳಿಯಿತು. ಶುರುವಿನ ಅಂಕ ಪ್ರತಿ ಸಲ ಬೇರೆ. ಅಚ್ಚು ಬೆಲ್ಲಕ್ಕೆ 36 ಬಂದರೆ, ಒದ್ದೆ ಒದ್ದೆ ಇದ್ದ ಬಕೆಟ್ ಬೆಲ್ಲಕ್ಕೆ ಅಷ್ಟೇ ತೂಕಕ್ಕೆ 33. ಹಾಗಾಗಿ 33 ಬಂತು ನಿಲ್ಲಿಸು ಅನ್ನುವ ಹಾಗಿಲ್ಲ. ಶುರುವಿನಿಂದ ಎಷ್ಟು ಇಳಿಯಿತು ಅಂತ ಎಣಿಸಬೇಕು.

ರುಚಿ? ಅಜ್ಜಿ ಎರಡನೇ ಲೋಟ ಕೇಳಿದರು.

ಟಿಸಿ ಸುಟ್ಟ ದಿನ

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಮೇಳಕ್ಕೆ ಅಂತ ನಲವತ್ತು ಬಾಟಲಿ ಮಾಡಿದರು. ಎಲ್ಲವೂ ಮೂರು ಅಂಕಕ್ಕೆ ಸರಿಯಾಗಿ ಫ್ರಿಜ್ಜಿಗೆ ಹೋದವು. ಮಾರನೇ ಸಂಜೆ ಗುಡುಗು ಮಳೆ, ಊರಿನ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟಿತು. ಹೊಸ ಟಿಸಿ ಬರುವ ಹೊತ್ತಿಗೆ ಎರಡು ದಿನ.

ಎರಡನೇ ದಿನ ಬೆಳಗ್ಗೆ ಅಕ್ಕ ಟಾರ್ಚ್ ಹಿಡಿದು ಫ್ರಿಜ್ ತೆಗೆದರೆ ಬಾಟಲಿಗಳು ಒಂದರ ಮೇಲೊಂದು ಒರಗಿ ನಿಂತಿದ್ದವು. ಸೋಡಾ ಬಾಟಲಿಯ ತಳದಲ್ಲಿ ಐದು ಕಾಲಿನ ಹಾಗೆ ಉಬ್ಬು ಇರುತ್ತದಲ್ಲ, ಅದರ ನಡುವಿನ ತಗ್ಗು ಒತ್ತಡಕ್ಕೆ ಹೊರಗೆ ಉಬ್ಬಿ, ಬಾಟಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನೆಲಕ್ಕಿಟ್ಟರೆ ಬುಗುರಿಯ ಹಾಗೆ ವಾಲಾಡುತ್ತಿತ್ತು. ಒಂದನ್ನು ತೆರೆದು ನೋಡಿದರೆ 26. ನಾವು ಮೂರು ಅಂದುಕೊಂಡದ್ದು ಹತ್ತು ಅಂಕ ಇಳಿದಿತ್ತು. ಅಂದರೆ 1.3 ಶೇಕಡಾ. ನಲವತ್ತೂ ಮೋರಿಗೆ.

ಅವತ್ತು ಹಿತ್ತಲ ಕಟ್ಟೆಯ ಮೇಲೆ ಕೂತು ಮೂವರೂ ಮಾತಾಡಿದೆವು. ಹುಡುಗ ಬಾಟಲಿಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ ಯೀಸ್ಟ್ ಕೊಂದರೆ ಹೇಗೆ ಅಂದ. ಕಾರ್ಖಾನೆಯಲ್ಲಿ ಮಾಡುತ್ತಾರೆ, ನಿಜ. ಆದರೆ ಗ್ಯಾಸ್ ತುಂಬಿದ ಬಾಟಲಿಯನ್ನು 65 ಡಿಗ್ರಿಗೆ ಕಾಯಿಸಿದರೆ ಒಳಗಿನ ಒತ್ತಡ ಏರುತ್ತೆ. ಗಾಜಾದರೆ ಮತ್ತೆ ಅಟ್ಟದ ಕಥೆ, ಪ್ಲಾಸ್ಟಿಕ್ ಆದರೆ ಮೆತ್ತಗಾಗುತ್ತೆ. ನಾನು ಒಪ್ಪಲಿಲ್ಲ. ಇನ್ವರ್ಟರ್ ಹಾಕಿಸಿದರೆ ಅಂತಲೂ ಮಾತು ಬಂತು. ಅಕ್ಕನೇ ಅದನ್ನು ತಳ್ಳಿಹಾಕಿದರು. ನಮ್ಮ ಮನೆ ಫ್ರಿಜ್ಜಿಗೆ ಕರೆಂಟ್ ಇದ್ದರೆ ಸಾಕಾ, ಕೊಂಡವರ ಮನೆಯಲ್ಲಿ? ಬಸ್ಸಿನಲ್ಲಿ, ಬಿಸಿಲಲ್ಲಿ, ಮಕ್ಕಳ ಬ್ಯಾಗಿನಲ್ಲಿ? ಬಾಟಲಿ ನಮ್ಮ ಕೈ ಬಿಟ್ಟ ಮೇಲೆ ಮೀಟರ್ ಬಿಡುವವರು ಯಾರು?

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಮಾರಾಟಕ್ಕೆ ಜೀವಂತ ಯೀಸ್ಟ್ ಇರುವ ಬಾಟಲಿ ಬೇಡ ಅಂತ ಅಲ್ಲೇ ತೀರ್ಮಾನವಾಯಿತು. ಲ್ಯಾಕ್ಟೋಮೀಟರಿನ ಲೆಕ್ಕ ಮನೆಗೆ ಸಾಕು, ಮಾರುವವರಿಗೆ ಪ್ರಯೋಗಾಲಯದ ವರದಿಯೇ ಬೇಕು, ಅದೂ ಪ್ರತಿ ಬ್ಯಾಚಿಗೆ ಅಂದರೆ ಆಗುವ ಮಾತಲ್ಲ.

ಮೇಳಕ್ಕೆ ಅಕ್ಕ ಒಯ್ದದ್ದು ಶುಂಠಿ, ಬೆಲ್ಲ, ನಿಂಬೆರಸ ಹಾಕಿ ಪಾಕದ ಹಾಗೆ ಕಾಯಿಸಿದ ಗಟ್ಟಿ ರಸ. ಎದುರಿಗೇ ಗೋಲಿ ಸೋಡಾ ಒಡೆದು ಬೆರೆಸಿ ಕೊಟ್ಟರು. ಎರಡನೇ ದಿನ ಮಧ್ಯಾಹ್ನಕ್ಕೇ ಖಾಲಿ. ಹುದುಗಿನ ರುಚಿ ಅದಕ್ಕಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತೆ. ಅಕ್ಕನ ಮುಂದೆ ಹೇಳಿಲ್ಲ.

ಮನೆಮಟ್ಟಿಗೆ ಹುಡುಗ ಈಗಲೂ ಮಾಡುತ್ತಾನೆ. ಒಂದು ಸಲಕ್ಕೆ ಆರೇ ಬಾಟಲಿ, ಮೂರು ದಿನದೊಳಗೆ ಕುಡಿದು ಮುಗಿಸಬೇಕು, ಕರೆಂಟ್ ಹೋಗಿ ನಾಲ್ಕು ಗಂಟೆಯಾದರೆ ಎಲ್ಲ ಮುಚ್ಚಳ ಸಡಿಲಿಸಬೇಕು. ಇದು ಅಜ್ಜಿ ಹಾಕಿದ ಕಟ್ಟಳೆ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದ.

“ಅಂಕಲ್, 35 ಇತ್ತು, ಈಗ 32 ತೋರಿಸ್ತಾ ಇದೆ. ಇಡ್ಲಾ?”

“ಗ್ಯಾಸ್ ಬಿಡಿಸಿದ್ಯಾ?”

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಒಂದು ಲೋಟದಿಂದ ಇನ್ನೊಂದಕ್ಕೆ ಹೊಯ್ಯುವ ಸದ್ದು ಕೇಳಿಸಿತು.